ಜುಲೈನಲ್ಲಿ ನಮೀಬಿಯಾ ಬೇಟೆ: ಊರಲ್ಲಿದ್ದುಕೊಂಡೇ ರೈಫಲ್ ಗುರಿ ಅಭ್ಯಾಸ ಮಾಡುವುದು ಹೇಗೆ?

ಮಲ್ಪೆ ಕಡಲು | ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಭಾವನ ಜೊತೆ ನಮೀಬಿಯಾಕ್ಕೆ ಹೋಗುವುದುಂಟು. ಪರ್ಮಿಟ್ ಇರುವ ಖಾಸಗಿ ಬೇಟೆ ಫಾರ್ಮ್. ಒಂದು ಕುಡು, ಒಂದು ಸ್ಪ್ರಿಂಗ್‌ಬಾಕ್; ಎರಡೂ ಆಫ್ರಿಕಾದ ಜಿಂಕೆ ಜಾತಿ, ಮೊದಲನೆಯದು ದೊಡ್ಡದು, ಎರಡನೆಯದು ಸಣ್ಣದು. ರೈಫಲ್ ಇಲ್ಲಿಂದ ಒಯ್ಯುವುದಿಲ್ಲ, ಅಲ್ಲಿಯದ್ದೇ ಬಾಡಿಗೆಗೆ. .308 (ದೊಡ್ಡ ಬೇಟೆ ರೈಫಲ್) ಕೊಡ್ತೇವೆ ಅಂದಿದ್ದಾರೆ. ನನ್ನಲ್ಲಿರುವುದು 4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್, ಮೇಲೆ 3-9 ಸ್ಕೋಪ್ (ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು). ವಾರಕ್ಕೊಮ್ಮೆ ಕ್ಲಬ್ಬಿನಲ್ಲಿ .22 (ಸಣ್ಣ ತೋಟೆಯ ರೈಫಲ್) ಸಿಗ್ತದೆ, 50 ಮೀಟರ್ ರೇಂಜ್. ಬೆಂಚಿನಲ್ಲಿ ಕೂತರೆ ಗುಂಡುಗಳೆಲ್ಲ ಒಂದೇ ಕಡೆ ಬಿದ್ದು ಗುಂಪು ಚೆನ್ನಾಗಿ ಬರ್ತದೆ, ನಿಂತರೆ ಎಲ್ಲೆಲ್ಲೋ ಹೋಗ್ತದೆ. ಇಷ್ಟರಲ್ಲೇ ತಯಾರಿ ಆದೀತಾ? ಎಲ್ಲಿಂದ ಸುರು ಮಾಡಬೇಕು?

ಕದ್ರಿ ಗುಡ್ಡೆ | ಭಾನುವಾರ ರಾತ್ರಿ 10:02

ಖಂಡಿತ ಆದೀತು. ಬೆಂಚನ್ನು ಮಾತ್ರ ಇವತ್ತಿನಿಂದಲೇ ಬದಿಗಿಡಿ. ಬೆಂಚು ಇರುವುದು ರೈಫಲ್ಲಿನ ಪರೀಕ್ಷೆಗೆ, ಹೊಡೆಯುವವರ ಪರೀಕ್ಷೆಗಲ್ಲ. ನಮೀಬಿಯಾದಲ್ಲಿ ಬಹುಪಾಲು ಈಡು ನಿಂತುಕೊಂಡೇ, ಮೂರು ಕಾಲಿನ ಶೂಟಿಂಗ್ ಸ್ಟಿಕ್ಸ್ ಮೇಲೆ ರೈಫಲ್ ಇಟ್ಟು. ಜೊತೆಗಿರುವ ಪ್ರೊಫೆಷನಲ್ ಹಂಟರ್ ಕೋಲು ಊರುತ್ತಾರೆ, ನೀವು ರೈಫಲ್ ಇಡಬೇಕು, ಹತ್ತು ಸೆಕೆಂಡಿನೊಳಗೆ ಕೆಲಸ ಮುಗಿಯಬೇಕು. ಕುಡು ಅಷ್ಟು ಹೊತ್ತು ನಿಂತರೆ ದೊಡ್ಡದು. ಹಾಗಾಗಿ ನಿಮ್ಮ ಅಭ್ಯಾಸದ ಮುಕ್ಕಾಲು ಪಾಲು ಸ್ಟಿಕ್ಸ್ ಮೇಲೆ ನಡೆಯಬೇಕು.

ಸ್ಟಿಕ್ಸ್ ಕೊಳ್ಳುವ ಅಗತ್ಯ ಇಲ್ಲ. ದೋಟಿಗೆ ಬಳಸುವಂಥ ಗಟ್ಟಿ ಬಿದಿರು ಮೂರು, ತಲಾ 180 ಸೆಂ.ಮೀ., ಬುಡದ ದಪ್ಪ ಎರಡೂವರೆಯಿಂದ ಮೂರು ಸೆಂ.ಮೀ. ತುದಿಯಿಂದ 15 ಸೆಂ.ಮೀ. ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಮೂರನ್ನೂ ಸೇರಿಸಿ ಕಟ್ಟಿ. ಕಟ್ಟು ತೀರಾ ಬಿಗಿಯಾದರೆ ಕಾಲು ಅಗಲಿಸಲಾಗದು, ಸಡಿಲವಾದರೆ ಕವೆ ಕುಸಿಯುತ್ತದೆ. ಅಡಿಕೆ ಸಲಾಕೆ ಬೇಡ, ಅದು ಬಾಗಿ ಕುಣಿಯುತ್ತದೆ. ಕವೆಗೆ ಅದೇ ಟ್ಯೂಬ್ ಸುತ್ತಿದರೆ ರೈಫಲ್ ಜಾರುವುದಿಲ್ಲ.

ನಿಲ್ಲುವ ಕ್ರಮ: ಎರಡು ಕಾಲು ಗುರಿಯ ಕಡೆ, ಒಂದು ನಿಮ್ಮ ಕಡೆ. ನೀವು ನೆಟ್ಟಗೆ ನಿಂತಾಗ ಕವೆ ಕಂಕುಳಿನ ಮಟ್ಟಕ್ಕಿಂತ ತುಸು ಮೇಲೆ ಬರಬೇಕು. ತಗ್ಗಾದರೆ ಬೆನ್ನು ಬಗ್ಗುತ್ತದೆ, ಸೊಂಟದಿಂದ ಮೇಲೆ ಇಡೀ ದೇಹ ತೂಗುತ್ತದೆ. ಎತ್ತರವಾದರೆ ಕೆನ್ನೆ ಬಟ್ಟಿನ (ಹೆಗಲಿಗೆ ಒತ್ತುವ ಹಿಂಭಾಗದ) ಮೇಲೆ ಕೂರುವುದಿಲ್ಲ. ಮರದ ಮುಂಭಾಗವನ್ನು ಕವೆಯಲ್ಲಿಡಿ, ನಳಿಗೆಯನ್ನಲ್ಲ. ನಳಿಗೆ ನೇರ ಕೋಲಿಗೆ ತಾಗಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಎಡಗೈಯಲ್ಲಿ ಕವೆ ಮತ್ತು ರೈಫಲ್ ಎರಡನ್ನೂ ಒಟ್ಟಿಗೆ ಹಿಡಿದು, ತುಸು ಮುಂದಕ್ಕೆ ಭಾರ ಹಾಕಿ. ಪಾದಗಳ ನಡುವೆ ಹೆಗಲಗಲ.

ಮಲ್ಪೆ ಕಡಲು | ಭಾನುವಾರ ರಾತ್ರಿ 10:20

ಥ್ಯಾಂಕ್ಸ್ ಅಕ್ಕ. ಸ್ಟಿಕ್ಸ್ ಮೇಲಿಟ್ಟರೂ ಸ್ಕೋಪಿನೊಳಗಿನ ಗುರಿಗೆರೆ, ಆ ಕ್ರಾಸ್, ಮೇಲೆ ಕೆಳಗೆ ಆಡುವುದು ಜಾಸ್ತಿ. ಅಡ್ಡಕ್ಕೆ ಅಷ್ಟಿಲ್ಲ. ಯಾಕೆ?

ಕದ್ರಿ ಗುಡ್ಡೆ | ಭಾನುವಾರ ರಾತ್ರಿ 10:41

ಮುಂದೆ ಆಧಾರ ಉಂಟು, ಹಿಂದೆ ಇಲ್ಲ, ಅದಕ್ಕೆ. ಬಟ್ ತುದಿ ನಿಮ್ಮ ಉಸಿರಿನ ಜೊತೆ ಏರಿಳಿಯುತ್ತದೆ. ಬಲಮೊಣಕೈ ಗಾಳಿಯಲ್ಲಿ ರೆಕ್ಕೆ ಹಾಗೆ ಎತ್ತಿ ಹಿಡಿಯಬೇಡಿ, ಪಕ್ಕೆಗೆ ಒತ್ತಿ. ಬೆನ್ನಚೀಲವನ್ನು ಮುಂದಕ್ಕೆ ತಿರುಗಿಸಿಕೊಂಡು ಅದರ ಮೇಲೆ ಮೊಣಕೈ ಊರಿದರೆ ಆಟ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಯೂ ಚೀಲ ಬೆನ್ನಿನಲ್ಲೇ ಇರ್ತದಲ್ಲ, ಇದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಇನ್ನೊಂದು, ಸ್ಕೋಪನ್ನು 9ಕ್ಕೆ ಇಟ್ಟಿದ್ದೀರಾ ಅಂತ ನನ್ನ ಅನುಮಾನ. ನಾಲ್ಕಕ್ಕೆ ಇಳಿಸಿ. ಹೆಚ್ಚು ದೊಡ್ಡದು ಮಾಡಿದಷ್ಟು ನಡುಕವೂ ದೊಡ್ಡದಾಗಿ ಕಂಡು, ಕ್ರಾಸ್ ಸರಿಯಾಗಿ ಕೂತ ಕ್ಷಣಕ್ಕೆ ಟ್ರಿಗರನ್ನು ಕಿತ್ತುಬಿಡುವ ಚಾಳಿ ಬರುತ್ತದೆ. ಮೇಲಾಗಿ 9ರಲ್ಲಿ ನೋಟದ ಹರವು ಕಿರಿದು, ಪೊದೆಯ ನಡುವೆ ಪ್ರಾಣಿಯನ್ನು ಹುಡುಕುವುದೇ ಕಷ್ಟ.

ಬಂದರು ರಸ್ತೆ | ಸೋಮವಾರ ಬೆಳಿಗ್ಗೆ 7:35

ಸ್ಪ್ರಿಂಗ್ ಏರ್ ರೈಫಲ್ ಅಂದಿರಲ್ಲ, ಅದರಲ್ಲಿ ಎರಡು ತೊಂದರೆ ಉಂಟು, ಈಗಲೇ ಹೇಳ್ತೇನೆ.

ಒಂದು, ಸ್ಕೋಪ್. ಸ್ಪ್ರಿಂಗ್ ಗನ್ನಿನ ಪಿಸ್ಟನ್ ಮುಂದೆ ಹೋಗುವಾಗ ಗನ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಕೊನೆಗೆ ಬಡಿದಾಗ ಮುಂದಕ್ಕೂ ಎಳೆಯುತ್ತದೆ. ದೊಡ್ಡ ರೈಫಲ್ಲಿನ ಸ್ಕೋಪ್ ಒಂದೇ ದಿಕ್ಕಿನ ಒದೆತಕ್ಕೆ ಕಟ್ಟಿದ್ದು, ಈ ಎರಡೂ ಕಡೆಯ ಏಟಿಗೆ ಒಳಗಿನ ಕ್ರಾಸ್ ಸಡಿಲಾಗುತ್ತದೆ. ಏರ್ ಗನ್ನಿಗೆ ಅಂತಲೇ ಮಾಡಿದ ಸ್ಕೋಪ್ ಹಾಕಿ. ಮುಂದಿನ ಗಾಜು 10 ಮೀಟರಿಗೆ ಫೋಕಸ್ ಆಗುವಂಥದ್ದು ಬೇಕು. ಸಾಮಾನ್ಯ ಬೇಟೆ ಸ್ಕೋಪಿನ ಪ್ಯಾರಲಾಕ್ಸ್ ಸುಮಾರು 100 ಗಜಕ್ಕೆ ಹೊಂದಿಸಿರುತ್ತಾರೆ. ಅದರಲ್ಲಿ 10 ಮೀಟರಿನ ಗುರಿ ನೋಡುವಾಗ ಕಣ್ಣು ಗಾಜಿನ ನಡುವಿನಿಂದ ಅಂಚಿಗೆ ಸರಿದರೆ ಒಂದು ಸೆಂಟಿಮೀಟರಿಗೂ ಮಿಕ್ಕಿ ತಪ್ಪುತ್ತದೆ. ನೀವು ಕೈ ನಡುಗಿತು ಅಂದುಕೊಳ್ತೀರಿ.

ಎರಡು, ಹಿಡಿತ. ಸ್ಪ್ರಿಂಗ್ ಗನ್ ನಿಖರವಾಗಿ ಹೊಡೆಯಬೇಕಾದರೆ ಸಡಿಲ ಹಿಡಿಯಬೇಕು, ಗನ್ ತನ್ನಷ್ಟಕ್ಕೆ ಜಿಗಿಯಲು ಬಿಡಬೇಕು. .308 ಹಾಗಲ್ಲ, ಹೆಗಲಿನ ಗುಳಿಗೆ ಗಟ್ಟಿಯಾಗಿ ಎಳೆದು ಹಿಡಿಯಬೇಕು. ಸಡಿಲ ಹಿಡಿತದ ಅಭ್ಯಾಸವನ್ನು ಅಲ್ಲಿಗೆ ಒಯ್ದರೆ ಸ್ಕೋಪಿನ ಅಂಚು ಹುಬ್ಬಿಗೆ ಬಡಿದು ರಕ್ತ ಬರುತ್ತದೆ. ಆಗುವುದಾದರೆ ಪಿ.ಸಿ.ಪಿ. (ಮೊದಲೇ ಒತ್ತಿ ಗಾಳಿ ತುಂಬಿಸಿಡುವ ಏರ್ ರೈಫಲ್) ತಗೊಳ್ಳಿ, ಅದಕ್ಕೆ ಒದೆತವೇ ಇಲ್ಲದ ಕಾರಣ ದೊಡ್ಡ ರೈಫಲ್ ಹಿಡಿದ ಹಾಗೆಯೇ ಹಿಡಿಯಬಹುದು. 4.5 ಮಿ.ಮೀ. ಬೋರ್, 20 ಜೂಲ್ ಒಳಗಿನ ಶಕ್ತಿ ಇದ್ದರೆ ಅದಕ್ಕೂ ಲೈಸೆನ್ಸ್ ಬೇಡ.

ಕಾಪು ಬಂಡೆ | ಸೋಮವಾರ ಬೆಳಿಗ್ಗೆ 8:15

ಪಿ.ಸಿ.ಪಿ.ಗೆ ಪಂಪು, ಸಿಲಿಂಡರು ಅಂತ ಖರ್ಚು ಬೆಳೀತದೆ ಮಾರಾಯ್ರೆ. ಇವರಿಗೆ ಬೇಕಾದ್ದು ಟ್ರಿಗರ್ ಕೈಗೆ ಹತ್ತುವುದು. ಅದಕ್ಕೆ ಪೆಲೆಟ್ಟೂ (ಏರ್ ಗನ್ನಿನ ಗುಂಡೂ) ಬೇಡ. ಕ್ಲಬ್ಬಿನಲ್ಲಿ ಕೋಚ್ ಒಪ್ಪಿದರೆ ಖಾಲಿ ರೈಫಲ್ಲಿನಲ್ಲೇ ದಿನದ ಅರ್ಧ ಅಭ್ಯಾಸ ಮಾಡಬಹುದು.

ಕದ್ರಿ ಗುಡ್ಡೆ | ಸೋಮವಾರ ಬೆಳಿಗ್ಗೆ 9:00

ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. .22 ರಿಮ್‌ಫೈರ್ ರೈಫಲನ್ನು ಬರಿದೇ ಹೊಡೆಯಬಾರದು. ತೋಟೆ ಇಲ್ಲದಾಗ ಫೈರಿಂಗ್ ಪಿನ್ ನೇರ ತೋಟೆ ಕೂರುವ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಗುಳಿ ಬೀಳುತ್ತದೆ, ಆಮೇಲೆ ಖಾಲಿ ತೋಟೆ ಹೊರಬರುವುದಿಲ್ಲ. ಡಮ್ಮಿ ತೋಟೆ ಹಾಕಿಯೇ ಮಾಡಬೇಕು. ಸ್ಪ್ರಿಂಗ್ ಏರ್ ಗನ್ನನ್ನೂ ಪೆಲೆಟ್ ಇಲ್ಲದೆ ಹೊಡೆಯಬೇಡಿ. ಎದುರು ಗಾಳಿಯ ಒತ್ತಡ ಇಲ್ಲದೆ ಪಿಸ್ಟನ್ ಬಡಿದು ಸೀಲ್ ಹೋಗುತ್ತದೆ.

ಖಾಲಿ ಅಭ್ಯಾಸಕ್ಕೆ ಮೊದಲು ಬೋಲ್ಟ್ (ಎಳೆದು ತಳ್ಳಿ ತೋಟೆ ಏರಿಸುವ ಭಾಗ) ತೆಗೆದು ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ನೋಡಿ. ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಆಮೇಲೆ ಈ ಕ್ರಮ: ರೈಫಲ್ ಸ್ಟಿಕ್ಸ್ ಮೇಲಿಟ್ಟು ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆಯಿರಿ. ಕ್ರಾಸ್ ಬಲಕ್ಕೆ ಸರಿದಿದ್ದರೆ ಕೈಯಿಂದ ಎಳೆದು ಸರಿಮಾಡಬೇಡಿ, ಪಾದ ಸರಿಸಿ. ಕೈ ಬಲದಿಂದ ಗುರಿಗೆ ತಂದ ರೈಫಲ್ ಟ್ರಿಗರ್ ಬಿಟ್ಟ ಕೂಡಲೇ ತನ್ನ ಜಾಗಕ್ಕೆ ವಾಪಸು ಹೋಗುತ್ತದೆ, ಗುಂಡೂ ಆಚೆಗೆ ಹೋಗುತ್ತದೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಏಳೆಂಟು ಸೆಕೆಂಡಿನಲ್ಲಿ ಈಡು ಬಿಡಲಾಗದಿದ್ದರೆ ಬಿಟ್ಟುಬಿಡಿ, ಮತ್ತೆ ಉಸಿರಾಡಿ ಮೊದಲಿಂದ ಹಿಡಿಯಿರಿ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗದಿಂದ ನೇರ ಹಿಂದಕ್ಕೆ ಒತ್ತುತ್ತ ಹೋಗಿ. ಕ್ಲಿಕ್ ಆದ ಕ್ಷಣ ಕ್ರಾಸ್ ಎಲ್ಲಿತ್ತು ಅಂತ ಬಾಯಿಬಿಟ್ಟು ಹೇಳಿ: "ಬಲ, ಅರ್ಧ ಇಂಚು." ಹೇಳಲು ಆಗದಿದ್ದರೆ ಕಣ್ಣು ಮುಚ್ಚಿದಿರಿ ಅಂತಲೇ ಅರ್ಥ.

ಹೇಳಿದ ಮೇಲೆ ತಲೆ ಎತ್ತದೆ, ಬಟ್ ಹೆಗಲಿನಿಂದ ಇಳಿಸದೆ, ಬೋಲ್ಟ್ ಎಳೆದು ತಳ್ಳಿ ಮತ್ತೆ ಗುರಿಗೆ ಬನ್ನಿ. ಇದನ್ನು ಪ್ರತಿ ಈಡಿಗೂ ತಪ್ಪದೆ ಮಾಡಬೇಕು. ದಿನಕ್ಕೆ ಇಪ್ಪತ್ತು ಸಾಕು, ನೂರು ಮಾಡಿದರೆ ಕೊನೆಯ ಎಂಬತ್ತು ಸೋತ ಕೈಯ ಅಭ್ಯಾಸ.

ಬಂಟಕಲ್ಲು | ಸೋಮವಾರ ಸಂಜೆ 6:20

ಟಾರ್ಗೆಟ್ ಯಾವುದು ಹಾಕಬೇಕು ಅಂತ ಯಾರೂ ಹೇಳಲಿಲ್ಲ. 10 ಮೀಟರ್ ಏರ್ ರೈಫಲ್ ಪೇಪರ್ ಟಾರ್ಗೆಟ್ ಎಲ್ಲ ಕಡೆ ಸಿಗ್ತದೆ, ಲೆಕ್ಕ ಅದರಲ್ಲೇ ಉಂಟು.

ಸ್ಪ್ರಿಂಗ್‌ಬಾಕ್‌ನ ಹೃದಯ-ಶ್ವಾಸಕೋಶದ ಜಾಗ ಸುಮಾರು 15 ಸೆಂ.ಮೀ. ವೃತ್ತ, ಕುಡುವಿನದ್ದು 25 ಸೆಂ.ಮೀ. 100 ಮೀಟರಿನಲ್ಲಿ 15 ಸೆಂ.ಮೀ. ಅಂದರೆ 10 ಮೀಟರಿನಲ್ಲಿ 15 ಮಿ.ಮೀ. ಆ ಪೇಪರಿನ 7ರ ವೃತ್ತದ ವ್ಯಾಸ 15.5 ಮಿ.ಮೀ., 5ರದ್ದು 25.5. ಅಂದರೆ ಪೆಲೆಟ್ಟುಗಳು 5ರ ಒಳಗೆ ಬಿದ್ದರೆ 100 ಮೀಟರಿನ ಕುಡು, 7ರ ಒಳಗೆ ಬಿದ್ದರೆ 100 ಮೀಟರಿನ ಸ್ಪ್ರಿಂಗ್‌ಬಾಕ್ ಅಥವಾ 160 ಮೀಟರಿನ ಕುಡು. ಇಲ್ಲಿ ಗಾಳಿ ಇಲ್ಲ, ಒದೆತ ಇಲ್ಲ, ಎದೆ ಬಡಿತ ಇಲ್ಲ, ಹಾಗಾಗಿ ಬಂದ ದೂರದಲ್ಲಿ ಕಾಲು ಭಾಗ ಕಳೆದು ಲೆಕ್ಕ ಹಿಡಿಯಿರಿ.

ಕೊನೆಯ ತಿಂಗಳು ವೃತ್ತ ಬಿಟ್ಟು ಪ್ರಾಣಿಯ ಚಿತ್ರ ಹಾಕಿ. ದೊಡ್ಡ ಗಂಡು ಕುಡು ಹೆಗಲಿನ ಹತ್ತಿರ ಸುಮಾರು 140 ಸೆಂ.ಮೀ. ಎತ್ತರ. 10 ಮೀಟರಿನಲ್ಲಿ 100 ಮೀಟರಿನ ಹಾಗೆ ಕಾಣಬೇಕಾದರೆ ಚಿತ್ರದಲ್ಲಿ ಪಾದದಿಂದ ಹೆಗಲಿಗೆ 14 ಸೆಂ.ಮೀ. ಇರಬೇಕು. ಎ4 ಹಾಳೆಯಲ್ಲಿ ಸರಿ ಕೂರುತ್ತದೆ. ಚಿತ್ರದ ಮೇಲೆ ಚುಕ್ಕೆ ಹಾಕಬೇಡಿ. ಹಿಂಬದಿಗೆ ಪೆನ್ಸಿಲಿನಲ್ಲಿ 25 ಮಿ.ಮೀ. ವೃತ್ತ ಬರೆದಿಡಿ, ಹೊಡೆದ ಮೇಲೆ ತಿರುಗಿಸಿ ನೋಡಿ. ಕುಡುವಿನ ಮೈಮೇಲೆ ಯಾರೂ ಚುಕ್ಕೆ ಇಟ್ಟಿರುವುದಿಲ್ಲ, ಜಾಗವನ್ನು ಕಣ್ಣೇ ಕಂಡುಹಿಡಿಯಬೇಕು.

ಪೆಲೆಟ್ ತಡೆಯಲು ಒಂದಡಿ ಚೌಕದ ಮರದ ಪೆಟ್ಟಿಗೆ, ಬೆನ್ನಿಗೆ 3 ಮಿ.ಮೀ. ಕಬ್ಬಿಣದ ತಗಡು. ಒಳಗೆ ಟೈರ್ ರೀಸೋಲ್ ಅಂಗಡಿಯಲ್ಲಿ ಸಿಗುವ ರಬ್ಬರ್ ತುರಿ ಒತ್ತಿ ತುಂಬಿ, ಮುಂದೆ ರಟ್ಟು. ಬರೀ ತಗಡು ಇಟ್ಟರೆ ಪೆಲೆಟ್ ಸಿಡಿದು ವಾಪಸು ಬರ್ತದೆ. ಕನ್ನಡಕ ಹಾಕಿಯೇ ಹೊಡೆಯಿರಿ. ಪೆಲೆಟ್ ಸೀಸ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಪೆರ್ಡೂರು ತೋಟ | ಸೋಮವಾರ ರಾತ್ರಿ 8:48

ನಮ್ಮ ತೋಟದ ಹಿಂದೆ ಹಳೇ ಕೆಂಪುಕಲ್ಲಿನ ಕೋರೆ ಉಂಟು, ಮೂರು ಕಡೆ ಗೋಡೆ ಹಾಗೆ. ಬೆಳೆ ರಕ್ಷಣೆಯ .315 ಲೈಸೆನ್ಸ್ ಇರುವವರು ಒಟ್ಟಿಗಿದ್ದರೆ ಅಲ್ಲಿ ನಾಲ್ಕು ದೊಡ್ಡ ಈಡು ಹೊಡೆದು ನೋಡಬಹುದಲ್ವಾ? 50 ಮೀಟರಿನ .22ರಲ್ಲಿ ಒದೆತ ಎಂತ ಅಂತ ಗೊತ್ತಾಗುದಿಲ್ಲ.

ಬಂದರು ರಸ್ತೆ | ಸೋಮವಾರ ರಾತ್ರಿ 9:05

ಬೇಡ ಅಣ್ಣ, ದಯವಿಟ್ಟು ಬೇಡ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ಗುರಿ ಅಭ್ಯಾಸಕ್ಕಲ್ಲ. ಒಬ್ಬರ ಲೈಸೆನ್ಸಿನ ಕೋವಿಯನ್ನು ಇನ್ನೊಬ್ಬರ ಕೈಗೆ ಕೊಡುವುದೂ ಸಲ್ಲ. ಇನ್ನೊಬ್ಬರ ಜೀವಕ್ಕೆ ಅಪಾಯ ಆಗುವ ಹಾಗೆ ಬೇಕಾಬಿಟ್ಟಿ ಗುಂಡು ಹಾರಿಸಿದರೆ 2019ರ ಆಯುಧ ಕಾಯ್ದೆ ತಿದ್ದುಪಡಿಯಲ್ಲಿ ಎರಡು ವರ್ಷದ ತನಕ ಸಜೆ ಅಥವಾ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ ಅಂತ ಉಂಟು.

ಕಾನೂನು ಬಿಡಿ, ಕಲ್ಲನ್ನು ನೋಡಿ. ಕೆಂಪುಕಲ್ಲು ಒಂದು ಕಡೆ ಮೆತ್ತಗೆ, ಒಂದು ಕಡೆ ಕಬ್ಬಿಣದ ಗಟ್ಟಿ. ಗುಂಡು ಎಲ್ಲಿ ಹೊಕ್ಕೀತು, ಎಲ್ಲಿ ಜಾರಿ ಹಾರೀತು ಅಂತ ಹೇಳಲು ಬರುವುದಿಲ್ಲ. ದೊಡ್ಡ ರೈಫಲ್ಲಿನ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ನಮ್ಮ ಜಿಲ್ಲೆಗಳಲ್ಲಿ ಯಾವ ದಿಕ್ಕಿಗೆ ಅಷ್ಟು ದೂರ ಮನೆ ಇಲ್ಲದ ಜಾಗ ಉಂಟು ಹೇಳಿ? ಸೆಂಟರ್‌ಫೈರ್, ಅಂದರೆ ಇಂಥ ದೊಡ್ಡ ರೈಫಲ್, ಹೊಡೆಯುವುದಾದರೆ ಅದಕ್ಕೆ ಅನುಮತಿ ಇರುವ ರೇಂಜಿನಲ್ಲಿ, ಮಣ್ಣಿನ ದಿಬ್ಬದ ಎದುರು ಮಾತ್ರ.

ಹಾಗೆಯೇ, ತೋಟಕ್ಕೆ ಹಂದಿ ಬರ್ತದೆ, ಅಭ್ಯಾಸವೂ ಆಯ್ತು ಅಂತ ಯಾರೂ ಯೋಚಿಸಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಲ್ಲಿ ಬೇಟೆ ನಿಷೇಧ. ಉಪಟಳದ ಪ್ರಾಣಿಯಾದರೂ 11ನೇ ಸೆಕ್ಷನ್ನಿನ ಅಡಿ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಪೆರ್ಡೂರು ತೋಟ | ಸೋಮವಾರ ರಾತ್ರಿ 9:30

ಸರಿ, ಅರ್ಥ ಆಯ್ತು. ಹಾಗಾದರೆ ಒದೆತಕ್ಕೆ ಹೆದರುವ ಸಮಸ್ಯೆಗೆ ಪರಿಹಾರ ಎಂತ?

ಕದ್ರಿ ಗುಡ್ಡೆ | ಸೋಮವಾರ ರಾತ್ರಿ 10:12

ಬೆಚ್ಚುವುದು ಒದೆತಕ್ಕಿಂತ ಹೆಚ್ಚಾಗಿ ಸದ್ದಿಗೆ. ಕಿವಿಗೆ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಉಳಿದರ್ಧಕ್ಕೆ ಜೊತೆಯವರ ಸಹಾಯ ಬೇಕು. .22ರಲ್ಲೇ ಮಾಡಿ: ಇನ್ನೊಬ್ಬರು ನಿಮಗೆ ಕಾಣದ ಹಾಗೆ ಕೆಲವೊಮ್ಮೆ ಡಮ್ಮಿ, ಕೆಲವೊಮ್ಮೆ ನಿಜ ತೋಟೆ ಹಾಕಿ ಕೊಡಲಿ. ಡಮ್ಮಿ ಬಂದಾಗ ನಳಿಗೆಯ ತುದಿ ಕೆಳಕ್ಕೆ ಬಗ್ಗಿದರೆ ನೀವು ಸದ್ದಿಗೆ ಮುಂಚೆಯೇ ತಳ್ಳುತ್ತಿದ್ದೀರಿ. ಐದಕ್ಕೆ ನಾಲ್ಕು ಡಮ್ಮಿ ಇಡಿ. ತುದಿ ಅಲ್ಲಾಡದೆ ನಿಲ್ಲುವ ತನಕ ನಿಜ ತೋಟೆ ಹೆಚ್ಚಿಸಬೇಡಿ.

ಇನ್ನೊಂದು ಸಮಾಧಾನ, ನಮೀಬಿಯಾದಲ್ಲಿ ಬಾಡಿಗೆ ರೈಫಲ್ಲುಗಳಿಗೆ ಸೈಲೆನ್ಸರ್ ಇರುವುದು ಸಾಮಾನ್ಯ. ಸದ್ದೂ ಒದೆತವೂ ಎರಡೂ ತಗ್ಗುತ್ತವೆ. ಉಂಟಾ ಅಂತ ಮೊದಲೇ ಕೇಳಿ. ಇದ್ದರೆ ನಳಿಗೆ ಒಂದು ಗೇಣು ಉದ್ದವಾಗಿ ಮುಂಭಾಗ ಭಾರ ಆಗುತ್ತದೆ, ಸ್ಟಿಕ್ಸ್ ಮೇಲೆ ಇಡುವ ಜಾಗ ತುಸು ಮುಂದಕ್ಕೆ ಹೋಗಬೇಕು.

ಕಾಪು ಬಂಡೆ | ಮಂಗಳವಾರ ಬೆಳಿಗ್ಗೆ 7:50

.22ರ 50 ಮೀಟರಿಗೂ ಲೆಕ್ಕ ಹೇಳಿಬಿಡ್ತೇನೆ. 200 ಮೀಟರಿನ ಕುಡು 50 ಮೀಟರಿನಲ್ಲಿ ಆರೂಕಾಲು ಸೆಂ.ಮೀ. ವೃತ್ತ. .22 ಹಗುರ ಗುಂಡು, ಗಂಟೆಗೆ 16 ಕಿ.ಮೀ. ಅಡ್ಡಗಾಳಿಗೆ 50 ಮೀಟರಿನಲ್ಲೇ ಸುಮಾರು ಎರಡೂವರೆ ಸೆಂ.ಮೀ. ಸರಿಯುತ್ತದೆ. ಮಧ್ಯಾಹ್ನ ಮೇಲೆ ಕಡಲಗಾಳಿ ಎದ್ದ ಮೇಲೆಯೂ ಹೊಡೆಯಿರಿ, ಬಿಡಬೇಡಿ. ಗಾಳಿ ಓದುವುದು ಕಲಿಯಲು ನಮ್ಮ ಕರಾವಳಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ನೂರು ಮೀಟರ್ ರೇಂಜ್ ಸಿಗುವಲ್ಲಿಗೆ ಒಂದೆರಡು ಸಲ ಹೋಗಲು ಆದರೆ ಅಡಿಕೆ ಹಾಳೆತಟ್ಟೆ ಒಯ್ಯಿರಿ. 10 ಇಂಚಿನ ತಟ್ಟೆ ಕುಡು, 6 ಇಂಚಿನದ್ದು ಸ್ಪ್ರಿಂಗ್‌ಬಾಕ್, ಅಳತೆ ಹೇಳಿ ಮಾಡಿಸಿದ ಹಾಗೆ. ಬೋರಲು ಹಾಕಿ ರಟ್ಟಿಗೆ ಸ್ಟೇಪ್ಲರ್ ಹೊಡೆಯಿರಿ. ಒಣಗಿದ ಹಾಳೆ ಗುಂಡಿಗೆ ಸೀಳಿ ತೂತು ಕಾಣದಾಗುತ್ತದೆ, ಹಿಂದಿನ ದಿನ ನೀರು ಚಿಮುಕಿಸಿ ಬಟ್ಟೆ ಸುತ್ತಿಟ್ಟರೆ ಮೆತ್ತಗಾಗಿ ಚೊಕ್ಕ ತೂತು ಬೀಳುತ್ತದೆ.

ಬಂಟಕಲ್ಲು | ಮಂಗಳವಾರ ಮಧ್ಯಾಹ್ನ 1:15

ಝೀರೋ ಬಗ್ಗೆ, ಅಂದರೆ ಕ್ರಾಸ್ ಇಟ್ಟ ಜಾಗಕ್ಕೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸಿದ ದೂರ. ಬಾಡಿಗೆ ರೈಫಲ್ ಎಷ್ಟು ಮೀಟರಿಗೆ ಝೀರೋ ಮಾಡಿದ್ದಾರೆ, ಗುಂಡಿನ ತೂಕ ಎಷ್ಟು ಅಂತ ಬರೆದು ಕೇಳಿ. ನಾನಾದರೆ 200 ಮೀಟರ್ ಝೀರೋ ಕೇಳುತ್ತೇನೆ. 165 ಗ್ರೇನಿನ .308 ಆದರೆ 100ರಲ್ಲಿ ಐದಾರು ಸೆಂ.ಮೀ. ಮೇಲೆ, 200ರಲ್ಲಿ ನೇರ. 220ರ ತನಕ ಎಂತದೂ ಲೆಕ್ಕ ಹಾಕದೆ ನೇರ ಹಿಡಿಯಬಹುದು.

ಬಂದರು ರಸ್ತೆ | ಮಂಗಳವಾರ ಮಧ್ಯಾಹ್ನ 2:04

ಮೊದಲ ಸಲ ಹೋಗುವವರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. 100 ಮೀಟರ್ ಝೀರೋ ಇಟ್ಟು 150ರ ಒಳಗೇ ಹೊಡೆಯುತ್ತೇನೆ ಅಂತ ತೀರ್ಮಾನ ಮಾಡಿಕೊಂಡರೆ ಗುಂಡು ಎಲ್ಲಿಯೂ ನಾಲ್ಕೈದು ಸೆಂ.ಮೀ.ಗಿಂತ ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸ್ಪ್ರಿಂಗ್‌ಬಾಕ್ ಚಿಕ್ಕ ಪ್ರಾಣಿ, ಐದಾರು ಸೆಂ.ಮೀ. ಮೇಲೆ ಹೊಡೆಯುವ ರೈಫಲ್ಲಿಗೆ ನಿಮ್ಮ ನಡುಕದ ಐದು ಸೇರಿದರೆ ಬೆನ್ನಿನ ಮೇಲಿಂದ ಹಾರಿಹೋಯಿತು.

ಬಂಟಕಲ್ಲು | ಮಂಗಳವಾರ ಮಧ್ಯಾಹ್ನ 2:30

150ರ ಮಿತಿ ಇಟ್ಟುಕೊಳ್ಳುವುದಾದರೆ ನಿಮ್ಮ ಮಾತು ಸರಿ. ಬಯಲಿನಲ್ಲಿ ಸ್ಪ್ರಿಂಗ್‌ಬಾಕ್ 200ರ ಒಳಗೆ ಸಿಗುವುದು ಕಷ್ಟ ಅಂತ ನಾನು ಹೇಳಿದ್ದು. ಅಂಥಾ ಕಡೆ ಮಲಗಿ, ಚೀಲದ ಮೇಲಿಟ್ಟು ಹೊಡೆಯುವ ಅಭ್ಯಾಸವೂ ಬೇಕು.

ಕದ್ರಿ ಗುಡ್ಡೆ | ಮಂಗಳವಾರ ಸಂಜೆ 5:40

ಝೀರೋ ಯಾವುದಾದರೂ ಆಗಲಿ, ಮಿತಿ ನಿಮ್ಮದು, ಅದನ್ನು ಇಲ್ಲಿಂದಲೇ ಗೊತ್ತುಮಾಡಿಕೊಂಡು ಹೋಗಬೇಕು. ಹೀಗೆ: ಸ್ಟಿಕ್ಸ್ ಕೈಯಲ್ಲಿ ಹಿಡಿದು ಇಪ್ಪತ್ತು ಹೆಜ್ಜೆ ಬಿರುಸಾಗಿ ನಡೆದು ಬನ್ನಿ, ಕೋಲು ಊರಿ, ಹತ್ತು ಸೆಕೆಂಡಿನಲ್ಲಿ ಒಂದೇ ಈಡು. ರೈಫಲ್ ಇಳಿಸಿ, ಪಕ್ಕಕ್ಕಿಟ್ಟು, ಮತ್ತೆ ನಡೆದು ಬನ್ನಿ. ಹೀಗೆ ಐದು. ಐದಕ್ಕೆ ಐದೂ ವೃತ್ತದೊಳಗೆ ಇರುವ ದೂರವೇ ನಿಮ್ಮ ಮಿತಿ. ನಾಲ್ಕು ಒಳಗೆ, ಒಂದು ಹೊರಗೆ ಅಂದರೆ ಆ ದೂರ ನಿಮ್ಮದಲ್ಲ. ಹೊರಗೆ ಬಿದ್ದ ಆ ಒಂದು ಗುಂಡು ಅಲ್ಲಿ ಹೊಟ್ಟೆಗೆ ಬಡಿದ ಪ್ರಾಣಿ. ಅದು ಕತ್ತಲಾಗುವ ತನಕ ನರಳುತ್ತ ನಡೆಯುತ್ತದೆ.

ಪ್ರತಿ ಅಭ್ಯಾಸದ ಮೊದಲ ಈಡನ್ನು ಬೇರೆ ಹಾಳೆಯಲ್ಲಿ ಹೊಡೆದು ತಾರೀಕು ಬರೆದು ಇಟ್ಟುಕೊಳ್ಳಿ. ಕೈ ಕಾಯುವ ಮೊದಲಿನ ಆ ಒಂದೇ ಈಡು ಬೇಟೆಯಲ್ಲಿ ಸಿಗುವುದು. ಆ ಹಾಳೆಗಳನ್ನು ಒಟ್ಟಿಗೆ ಹರವಿ ನೋಡಿದರೆ ನಿಮ್ಮ ನಿಜವಾದ ಗುಂಪು ಕಾಣುತ್ತದೆ.

ಮಲ್ಪೆ ಕಡಲು | ಮಂಗಳವಾರ ರಾತ್ರಿ 9:00

ಬರೆದಿಟ್ಟುಕೊಂಡೆ. ಹಿಡಿಯುವ ಜಾಗ ಯಾವುದು? ಮುಂಗಾಲಿನ ಹಿಂದೆ ಅಂತ ಇಂಟರ್‌ನೆಟ್ಟಿನಲ್ಲಿ ಎಲ್ಲ ಕಡೆ ಉಂಟು.

ಬಂದರು ರಸ್ತೆ | ಮಂಗಳವಾರ ರಾತ್ರಿ 9:44

ಅದು ಅಮೆರಿಕದ ಜಿಂಕೆಗೆ ಬರೆದದ್ದು. ಆಫ್ರಿಕಾದ ಜಿಂಕೆ ಜಾತಿಗಳಲ್ಲಿ ಹೃದಯ ಮುಂದಕ್ಕೆ, ಕೆಳಕ್ಕೆ, ಮುಂಗಾಲಿನ ಮೂಳೆಯ ಮರೆಯಲ್ಲಿ ಇರ್ತದೆ. ಪ್ರಾಣಿ ಪೂರ್ತಿ ಅಡ್ಡ ನಿಂತಿದ್ದರೆ ಮುಂಗಾಲಿನ ನಡುಗೆರೆ ಹಿಡಿದು ನೇರ ಮೇಲೆ ಬನ್ನಿ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿ. ತುಸು ಆಚೆಗೆ ತಿರುಗಿ ನಿಂತಿದ್ದರೆ ಆಚೆ ಬದಿಯ ಮುಂಗಾಲನ್ನು ಮನಸ್ಸಿನಲ್ಲಿ ಹಿಡಿದು ಅದಕ್ಕೆ ಗುರಿ ಇಡಿ. ಎದುರು ಮುಖ, ಬೆನ್ನು ತಿರುಗಿಸಿದ್ದು, ಹಿಂಡಿನಲ್ಲಿ ಹಿಂದೆ ಇನ್ನೊಂದು ಇರುವುದು: ಮೂರಕ್ಕೂ ಟ್ರಿಗರ್ ಮುಟ್ಟಬೇಡಿ. ಕತ್ತು, ತಲೆಗೆ ಹಿಡಿಯುವ ಯೋಚನೆಯೂ ಬೇಡ. ಜಾಗ ಸಣ್ಣದು, ಕೊನೆ ಕ್ಷಣಕ್ಕೆ ಅಲ್ಲಾಡುವುದೂ ಅದೇ.

ಕುಡುವಿಗೂ ಅಲ್ಲಿಯ ಇನ್ನೊಂದು ದೊಡ್ಡ ಜಿಂಕೆ ಓರಿಕ್ಸಿಗೂ ಹೆಗಲ ಮೇಲೆ ಡುಬ್ಬ ಉಂಟು, ಅದರಿಂದ ಮೈಯ ನಡು ಇರುವುದಕ್ಕಿಂತ ಮೇಲೆ ಅಂತ ಕಣ್ಣಿಗೆ ಭ್ರಮೆ. ಮೇಲೆ ಹೊಡೆದರೆ ಬೆನ್ನುಮೂಳೆಯ ಮೇಲಿನ ಮುಳ್ಳುಗಳಿಗೆ ತಾಗಿ ಪ್ರಾಣಿ ದೊಪ್ಪನೆ ಬೀಳುತ್ತದೆ, ಎಲ್ಲರೂ ಕೈ ಕುಲುಕುವಾಗ ಎದ್ದು ಓಡುತ್ತದೆ. ಅಕ್ಕ ಮೇಲೆ ಹೇಳಿದ ಬೋಲ್ಟಿನ ಅಭ್ಯಾಸ ಕೆಲಸಕ್ಕೆ ಬರುವುದು ಇಲ್ಲೇ. ಬಿದ್ದರೂ ಬೋಲ್ಟ್ ಎಳೆಯಿರಿ, ಗುರಿ ಅದರ ಮೇಲೇ ಇರಲಿ, ಹಂಟರ್ ಸಾಕು ಅನ್ನುವ ತನಕ.

ಪೆರ್ಡೂರು ತೋಟ | ಬುಧವಾರ ಬೆಳಿಗ್ಗೆ 6:55

ಬೋಲ್ಟಿನ ವಿಷಯದಲ್ಲಿ ಒಂದು ಸೇರಿಸ್ತೇನೆ. ನಮ್ಮ ದೇಶದ ಕಾರ್ಖಾನೆಯ .315 ಬೋಲ್ಟು ಲೀ-ಎನ್‌ಫೀಲ್ಡ್ ಮಾದರಿ, ಮುಂದೆ ತಳ್ಳುವಾಗ ಸ್ಪ್ರಿಂಗ್ ಬಿಗಿಯಾಗ್ತದೆ. ಅಲ್ಲಿ ಸಿಗುವುದು ಹೆಚ್ಚಾಗಿ ಮೌಸರ್ ಮಾದರಿ, ಹಿಡಿ ಮೇಲೆತ್ತುವಾಗಲೇ ಬಿಗಿ. ಮೆಲ್ಲ ಎತ್ತಿದರೆ ಅರ್ಧಕ್ಕೆ ನಿಲ್ತದೆ, ಅಂಗೈಯಿಂದ ಜೋರಾಗಿ ಎತ್ತಬೇಕು. ಪೂರ್ತಿ ಹಿಂದಕ್ಕೆ ಎಳೆಯದಿದ್ದರೆ ಹೊಸ ತೋಟೆ ಏರುವುದಿಲ್ಲ, ಖಾಲಿ ಚೇಂಬರಿಗೆ ಬೋಲ್ಟ್ ಮುಚ್ಚಿ ಟ್ರಿಗರ್ ಒತ್ತಿದ ಹಾಗಾಗ್ತದೆ.

ಕಾಪು ಬಂಡೆ | ಬುಧವಾರ ಬೆಳಿಗ್ಗೆ 8:30

ಜೂನ್ ಬಂತೆಂದರೆ ನಮ್ಮಲ್ಲಿ ಮಳೆ. ಏರ್ ರೈಫಲ್ಲಿನ ಮರ ನೀರು ಕುಡಿದು ಉಬ್ಬುತ್ತದೆ, ಸ್ಕ್ರೂ ಸಡಿಲಾಗಿ ಝೀರೋ ಅಲ್ಲಾಡುತ್ತದೆ. ಪ್ರತಿ ವಾರ ಸ್ಟಾಕಿನ ಸ್ಕ್ರೂ, ಸ್ಕೋಪ್ ರಿಂಗಿನ ಸ್ಕ್ರೂ ನೋಡಿ. ರಿಂಗಿಗೆ ಸುಮಾರು 2 ನ್ಯೂಟನ್-ಮೀಟರ್ ಬಿಗಿ ಸಾಕು, ಮೈಬಲ ಹಾಕಿದರೆ ಸ್ಕೋಪಿನ ಕೊಳವೆ ಅಜ್ಜಿಬಜ್ಜಿ ಆಗ್ತದೆ. ಸ್ಕೋಪ್ ಗಾಜಿಗೆ ಫಂಗಸ್ ಹಿಡಿಯದಂತೆ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ, ರೆಕ್ಸಿನ್ ಚೀಲದೊಳಗೆ ತಿಂಗಳುಗಟ್ಟಲೆ ಬಿಡಬೇಡಿ. ಸ್ಪ್ರಿಂಗ್ ಗನ್ನಿನ ಸಿಲಿಂಡರಿಗೆ ಸಾದಾ ಎಣ್ಣೆ ಬಿಡಬೇಡಿ, ಒತ್ತಡಕ್ಕೆ ಹೊತ್ತಿಕೊಂಡು ಸೀಲು ಸುಡುತ್ತದೆ. ಹೊರಮೈಗೆ ಮಾತ್ರ ತೆಳುವಾಗಿ ಒರೆಸಿ. ಲೈಸೆನ್ಸ್ ಕೋವಿ ಇರುವವರು ಇನ್ನೊಂದು ನೆನಪಿಡಿ: ಚುನಾವಣೆ ಘೋಷಣೆ ಆದರೆ ಠೇವಣಿ ಇಡಲು ಹೇಳ್ತಾರೆ, ಅಭ್ಯಾಸದ ತಿಂಗಳು ಅದಕ್ಕೆ ಸಿಕ್ಕಿಬೀಳದ ಹಾಗೆ ನೋಡಿಕೊಳ್ಳಿ.

ಜುಲೈ ಅಲ್ಲಿ ಚಳಿಗಾಲ. ಬೆಳಗ್ಗೆ ದಪ್ಪ ಜಾಕೆಟ್ ಬೇಕೇ ಬೇಕು. ಜಾಕೆಟ್ ಹಾಕಿದಾಗ ಬಟ್ ಎರಡು ಬೆರಳು ಮುಂದೆ ಹೋಗ್ತದೆ, ಸ್ಕೋಪಿನಲ್ಲಿ ಕಪ್ಪು ಅಂಚು ಕಾಣ್ತದೆ. ಇಲ್ಲಿಯ ಸೆಕೆಯಲ್ಲಿ ಕಷ್ಟವೇ, ಆದರೂ ಕೊನೆಯ ಎರಡು ವಾರ ಅದೇ ಜಾಕೆಟ್, ಅದೇ ಗ್ಲೌಸ್ ಹಾಕಿ ಖಾಲಿ ಅಭ್ಯಾಸ ಮಾಡಿ.

ಬಂಟಕಲ್ಲು | ಬುಧವಾರ ಮಧ್ಯಾಹ್ನ 12:50

ಕಾಲಿಗೂ ಅಭ್ಯಾಸ ಬೇಕು. ಕಾರ್ಕಳದ ಗೊಮ್ಮಟ ಬೆಟ್ಟದ ಮೆಟ್ಟಿಲು ವಾರಕ್ಕೆರಡು ಸಲ ಹತ್ತಿ. ಮನೆಯಲ್ಲಾದರೆ ಅಂಗಳಕ್ಕೆ ಎರಡು ಸುತ್ತು ಓಡಿ, ಏದುಸಿರಿನಲ್ಲೇ ಕೋಲು ಊರಿ ಪೆಲೆಟ್ ಹೊಡೆಯಿರಿ. ಏದುಸಿರಿನಲ್ಲಿ ಉಸಿರು ಪೂರ್ತಿ ನಿಲ್ಲಿಸಲು ಹೋಗಬೇಡಿ, ಎರಡು ದೀರ್ಘ ಉಸಿರು ಬಿಟ್ಟು ಮೂರನೆಯದರ ಕೊನೆಗೆ ಒತ್ತಿ.

ದೂರದ ಅಂದಾಜೂ ಮುಖ್ಯ. ಮಲ್ಪೆ ಬೀಚಿನಲ್ಲಿ ಒಂದು ದೋಣಿ ನೋಡಿ ಎಷ್ಟು ಮೀಟರ್ ಅಂತ ಮನಸ್ಸಿನಲ್ಲಿ ಹೇಳಿ, ಆಮೇಲೆ ಹೆಜ್ಜೆ ಹಾಕಿ ಎಣಿಸಿ. ಬಯಲಲ್ಲಿ ಎಲ್ಲವೂ ಹತ್ತಿರ ಕಾಣ್ತದೆ, ಪೊದೆಯ ನಡುವೆ ದೂರ ಕಾಣ್ತದೆ.

ಮಲ್ಪೆ ಕಡಲು | ಬುಧವಾರ ರಾತ್ರಿ 9:25

ಎಲ್ಲರಿಗೂ ತುಂಬಾ ಉಪಕಾರ. ಕೊನೆಯ ಪ್ರಶ್ನೆ: ಅಲ್ಲಿ ತಲುಪಿದ ದಿನ ಹೊಸ ರೈಫಲ್ ಕೈಗೆ ಬಂದಾಗ ಮೊದಲು ಎಂತ ಮಾಡಬೇಕು?

ಕದ್ರಿ ಗುಡ್ಡೆ | ಬುಧವಾರ ರಾತ್ರಿ 10:08

ಬೇಟೆಗೆ ಹೊರಡುವ ಮೊದಲು ಫಾರ್ಮಿನವರೇ ಟಾರ್ಗೆಟ್ ಹತ್ತಿರ ಕರೆದೊಯ್ಯುತ್ತಾರೆ. ಅಲ್ಲಿ ಅವಸರ ಮಾಡಬೇಡಿ. ಖಾಲಿ ಇದೆ ಅಂತ ನೋಡಿಕೊಂಡು ಸೇಫ್ಟಿ ಯಾವ ದಿಕ್ಕಿಗೆ, ಎಷ್ಟು ಹಂತ ಅಂತ ಕಣ್ಣು ಮುಚ್ಚಿ ಹತ್ತು ಸಲ ಹಾಕಿ ತೆಗೆಯಿರಿ. ಖಾಲಿಯಲ್ಲೇ ಐದಾರು ಸಲ ಟ್ರಿಗರ್ ಒತ್ತಿ, ಎಷ್ಟು ಭಾರಕ್ಕೆ ಬಿಡ್ತದೆ ಅಂತ ಬೆರಳಿಗೆ ಗೊತ್ತಾಗಲಿ. ಕಣ್ಣಿಗೂ ಸ್ಕೋಪಿಗೂ ನಡುವೆ ಎಂಟೊಂಬತ್ತು ಸೆಂ.ಮೀ. ಉಂಟಾ ನೋಡಿ, ಕಡಿಮೆ ಇದ್ದರೆ ಸ್ಕೋಪ್ ಮುಂದಕ್ಕೆ ಸರಿಸಿ ಕೊಡಲು ಹೇಳಿ. ಬಟ್ ಉದ್ದವಾದರೆ ಜಾಕೆಟ್ ತೆಗೆದು ಹೊಡೆಯುವುದು ಒಂದೇ ದಾರಿ.

ಬೆಂಚಿನಿಂದ ಮೂರು ಈಡು, 100 ಮೀಟರಿಗೆ. ಪ್ರತಿ ಈಡಿಗೂ ಕ್ಲಿಕ್ ತಿರುಗಿಸಬೇಡಿ, ಮೂರರ ನಡುಬಿಂದು ನೋಡಿ ಆಮೇಲೆ ತಿರುಗಿಸಿ. ಕಾಲು ಎಂ.ಒ.ಎ. ಸ್ಕೋಪಿನಲ್ಲಿ ಒಂದು ಕ್ಲಿಕ್ 100 ಮೀಟರಿಗೆ 7 ಮಿ.ಮೀ., 0.1 ಮಿಲ್ ಸ್ಕೋಪಿನಲ್ಲಿ 1 ಸೆಂ.ಮೀ. (ಎರಡೂ ಕೋನದ ಅಳತೆ); ಯಾವುದು ಅಂತ ಟೊಪ್ಪಿಯ ಒಳಗೆ ಬರೆದಿರ್ತದೆ. ಬೇರೆಯವರಿಗೆ ನೇರ ಹೊಡೆಯುವ ರೈಫಲ್ ನಿಮ್ಮ ಹಿಡಿತಕ್ಕೆ ಒಂದೆರಡು ಸೆಂ.ಮೀ. ಬದಿಗೆ ಹೋಗುವುದು ಸಹಜ, ಹಂಟರಿಗೆ ಹೇಳಿ ಸರಿಮಾಡಿಸಿ. ತೋಟೆ ಅದೇ ಪೆಟ್ಟಿಗೆಯದ್ದೇ ಕೊನೆಯ ತನಕ ಇರಲಿ, ಬೇರೆ ಬ್ರ್ಯಾಂಡಿಗೆ ಬದಲಾದರೆ ಝೀರೋ ಮತ್ತೆ ನೋಡಬೇಕು.

ಆಮೇಲೆ ಬೆಂಚಿನಿಂದ ಎದ್ದು ಸ್ಟಿಕ್ಸ್ ಮೇಲೆ ಮೂರು ಈಡು. ಅವರು ಬೇಡ ಅಂದರೂ ಕೇಳಿ ಹೊಡೆಯಿರಿ. ನಿಮ್ಮ ಮಿತಿ ಎಷ್ಟು ಮೀಟರ್ ಅಂತ ಹಂಟರಿಗೆ ಅಲ್ಲೇ, ಆ ಟಾರ್ಗೆಟ್ ಎದುರೇ ಹೇಳಿಬಿಡಿ. ಹಾಗೆ ಹೇಳಿದವರನ್ನು ಅವರು ಇನ್ನಷ್ಟು ಹತ್ತಿರಕ್ಕೆ ನಡೆಸಿಕೊಂಡು ಹೋಗುತ್ತಾರೆ.